ಟ್ರೇಲರಿಗೆಂದು ಬೆಳ್ಳಗಾದ ಮುಖ

ಅವಳ ಕೋಣೆಯ ಗೋಡೆಗಳಿಗೆ ಬೂದು ಬಣ್ಣ, ಕಿಟಕಿಗೆ ದಪ್ಪ ಪರದೆ. ಸಿನಿಮಾದ ಒಂದೊಂದು ದೃಶ್ಯದ ಬಣ್ಣವನ್ನೂ ಬೆಳಕನ್ನೂ ಹೊಂದಿಸುವುದು ಅವಳ ಕೆಲಸ. ಸುತ್ತ ಬೇರೆ ಬಣ್ಣವಿದ್ದರೆ ಕಣ್ಣು ಮೋಸಹೋಗುತ್ತದೆ. ನಿರ್ದೇಶಕ ಅವಳ ಗಂಡನ ತಮ್ಮ. ಅವನು ‘ಅತ್ತಿಗೆ’ ಎನ್ನುವುದನ್ನು ಕೇಳಿ ಕೇಳಿ ಇಡೀ ಚಿತ್ರತಂಡಕ್ಕೇ ಅವಳು ಅತ್ತಿಗೆ.

ಇಪ್ಪತ್ತು ವರ್ಷದ ಹಿಂದೆ ಫೋಟೊ ಸ್ಟುಡಿಯೊದಲ್ಲಿ ಅವಳು ಕಲಿತ ಮೊದಲ ಪಾಠವೇ ಮುಖವನ್ನು ಎರಡು ಹಂತ ಬೆಳ್ಳಗೆ ಮಾಡುವುದು. ಅವಳ ಪಾಸ್‌ಪೋರ್ಟ್ ಚಿತ್ರಕ್ಕೂ ಮಾಲೀಕ ಕೇಳದೆಯೇ ಅದೇ ಉಪಕಾರ ಮಾಡಿದ. ಪಾಸ್‌ಪೋರ್ಟ್ ಕಚೇರಿಯ ಗುಮಾಸ್ತ ಚಿತ್ರವನ್ನೂ ಅವಳನ್ನೂ ಮೂರು ಸಲ ನೋಡಿ, "ನಿಮ್ ಫೋಟೊ ತನ್ನಿ ಅಮ್ಮಾ, ನಿಮ್ ತಂಗೀದಲ್ಲ" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆ ನಗು ಈಗಲೂ ಮುಳ್ಳಿನಂತೆ ಚುಚ್ಚುತ್ತದೆ.

ಹಾಗಾಗಿ ಮೈದುನ ವರ್ಣಭೇದದ ಮೇಲೆ ಚಿತ್ರ ಮಾಡುತ್ತೇನೆಂದಾಗ ಅವಳು ಬೇರೆ ಕೆಲಸವನ್ನೆಲ್ಲ ಬದಿಗಿಟ್ಟಳು. ಕಪ್ಪು ಬಣ್ಣದ ನರ್ಸ್ ಒಬ್ಬಳು ಬಾಡಿಗೆ ಮನೆ ಹುಡುಕುವ ಕಥೆ. ಫೋನಿನಲ್ಲಿ ‘ಬನ್ನಿ’ ಎಂದವರೆಲ್ಲ ಬಾಗಿಲಲ್ಲಿ ಮುಖ ನೋಡಿ ‘ಈಗಷ್ಟೇ ಹೋಯ್ತು’ ಎನ್ನುತ್ತಾರೆ. ಬಾಗಿಲ ದೃಶ್ಯದಲ್ಲಿ ಮನೆಯೊಡೆಯನ ಬಿಳಿ ಮುಖಕ್ಕೆ ಬೆಳಕು ಹೊಂದಿಸಿದರೆ ನರ್ಸ್ ನೆರಳಾಗುತ್ತಿದ್ದಳು. ಅವಳಿಗೆ ಹೊಂದಿಸಿದರೆ ಅವನ ಮುಖ ಸುಣ್ಣ ಬಳಿದಂತಾಗುತ್ತಿತ್ತು. ಎರಡೂ ಚರ್ಮ ಇದ್ದಂತೆಯೇ ಕಾಣುವುದಕ್ಕೆ ಹನ್ನೊಂದು ದಿನ ಹಿಡಿಯಿತು.

ಹಂಚಿಕೆದಾರ ತನ್ನ ಹುಡುಗರಿಂದ ಟ್ರೇಲರ್ ಮಾಡಿಸಿದ. ಅದರಲ್ಲಿ ನರ್ಸ್ ಗೋಧಿ ಬಣ್ಣಕ್ಕೆ ತಿರುಗಿದ್ದಳು. ಮೂವತ್ತು ಜನರಿಗೆ ತೋರಿಸಿ ಅಭಿಪ್ರಾಯ ಬರೆಸಿದರೆ ಹತ್ತೊಂಬತ್ತು ಚೀಟಿಗಳಲ್ಲಿ ಒಂದೇ ಪ್ರಶ್ನೆ: ಆಕೆಗೆ ಮನೆ ಯಾಕೆ ಕೊಡುವುದಿಲ್ಲ? ಒಬ್ಬರಂತೂ ‘ನಾಯಿ ಸಾಕಿದ್ದಾಳಾ?’ ಎಂದು ಬರೆದಿದ್ದರು.

ಚೀಟಿಗಳನ್ನು ಹಿಡಿದು ಹಂಚಿಕೆದಾರ ಮೈದುನನ ಜೊತೆ ಬೂದು ಕೋಣೆಗೆ ಬಂದ. "ಅದಕ್ಕೇನಂತೆ? ಕೆಳಗೆ ‘ಆಕೆ ಕಪ್ಪು’ ಅಂತ ಅಕ್ಷರ ಹಾಕ್ಬಿಡೋಣ."

ಅತ್ತಿಗೆಗೆ ಮೈಯೆಲ್ಲ ಉರಿಯಿತು. "ಖಾಲಿ ಮಡಕೆಗೆ ‘ತುಂಬಿದೆ’ ಅಂತ ಚೀಟಿ ಅಂಟಿಸಿದ್ರೆ ಬಾಯಾರಿಕೆ ಹೋಗುತ್ತೇನ್ರೀ? ಆಕೆ ಬಣ್ಣ ಆಕೆಗೆ ವಾಪಸ್ ಕೊಡಿ."

"ಕಪ್ಪು ಮುಖಕ್ಕೆ ಜನ ಬರಲ್ಲ ಅಮ್ಮಾ. ನಾನಲ್ಲ, ಮಾರ್ಕೆಟ್ ಹೇಳ್ತಿರೋದು."

"ಮಾರ್ಕೆಟ್ ಎಲ್ಲಿ ಕೂತಿದೆ? ಈ ಕೋಣೇಲಿ ಇರೋದು ಮೂರೇ ಕುರ್ಚಿ."

ಮೈದುನ ನೆಲ ನೋಡುತ್ತಲೇ ಗೊಣಗಿದ: "ಅತ್ತಿಗೆ, ಟ್ರೇಲರ್ ತಾನೇ? ಸಿನಿಮಾದಲ್ಲಿ ನೀವು ಮಾಡಿದ ಬಣ್ಣಾನೇ ಇರುತ್ತೆ. ಹನ್ನೆರಡು ಥಿಯೇಟರ್ ಕೊಡ್ತಿದಾರೆ."

"ಫೋನಲ್ಲಿ ಒಂದು, ಬಾಗಿಲಲ್ಲಿ ಒಂದು! ನಿನ್ನ ಸಿನಿಮಾದ ಮನೆ ಓನರ್ ಮಾಡಿದ್ದೂ ಇದೇ ಅಲ್ವೇನೋ? ಆಕೆ ಬಣ್ಣ ತೆಗೆದು ಟ್ರೇಲರ್ ಬಿಟ್ರೆ, ಸಿನಿಮಾದಿಂದ ನನ್ನ ಹೆಸರೂ ತೆಗಿ."

ಅವನು ಕಂಪ್ಯೂಟರ್ ಪರದೆಯ ಮೇಲೆ ನಿಂತಿದ್ದ ಗೋಧಿ ಬಣ್ಣದ ನರ್ಸನ್ನು ನೋಡಿದ. ಕೊನೆಗೆ, "ಇದು ಬೇಡ ಸಾರ್. ಅತ್ತಿಗೆ ಮಾಡಿದ ಬಣ್ಣದ್ದೇ ಹೋಗ್ಲಿ" ಎಂದ.

"ಹಾಗಾದ್ರೆ ಮೂರು ಥಿಯೇಟರ್. ಆಮೇಲೆ ನನ್ನ ಕೇಳ್ಬೇಡಿ" ಎಂದು ಹಂಚಿಕೆದಾರ ಎದ್ದು ಹೋದ.

ಬಾಗಿಲು ಮುಚ್ಚಿತು. ಮೈದುನ ನಗಲು ಪ್ರಯತ್ನಿಸಿದ. "ಅಂತೂ ಗೆದ್ರಿ ಅತ್ತಿಗೆ."

ಅವಳು ಸರ್ರನೆ ತಿರುಗಿದಳು. "ಇರೋ ಮುಖ ಇರೋ ಹಾಗೆ ಕಾಣ್ಲಿ ಅಂದಿದ್ದಕ್ಕೆ ಒಂಬತ್ತು ಥಿಯೇಟರ್ ದಂಡ ತೆತ್ತಿದೀವಿ. ಇದನ್ನ ಗೆದ್ದಿದ್ದು ಅಂತೀಯಾ?"

ಉತ್ತರಕ್ಕೆ ಕಾಯದೆ, ನರ್ಸ್‌ಗೆ ಅವಳ ಬಣ್ಣ ಮರಳಿಸಲು ಟ್ರೇಲರನ್ನು ಮೊದಲಿನಿಂದ ತೆರೆದು ಬಾಗಿಲ ದೃಶ್ಯ ಹುಡುಕತೊಡಗಿದಳು.