ಮನೆಯ ಸಣ್ಣ ಸೊಸೆಯಂಥ ಶಬ್ದ

ಗೆಳೆಯರೇ, ಇವತ್ತು ನಮ್ಮ ರಾಣೆಬೆನ್ನೂರಿನ ಮನೆಯ ಪಡಸಾಲೆಯಲ್ಲಿ ಇಂಗ್ಲಿಷ್ ಪಾಠ ನಡೆಯಿತು. ಪೆಟ್ಟು ಬಿದ್ದದ್ದು ಮಾತ್ರ ನನಗೆ.

ಅವ್ವ ಮತ್ತು ನನ್ನ ಹೆಂಡತಿ ಬ್ಯಾಡಗಿಯಿಂದ ತಂದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಎಂಟನೇ ತರಗತಿಯ ಮಗಳು ನಿಘಂಟು ಹಿಡಿದು ಬಂದು ಅಜ್ಜಿಗೆ ಹೇಳಿದಳು: "ಆಯಿ, ರನ್ ಅನ್ನೂ ಇಷ್ಟ ಸಣ್ಣ ಶಬ್ದಕ್ಕ ಪುಟಗಟ್ಟಲೆ ಅರ್ಥ ಅದಾವ. ಹುಡುಗ ಓಡಿದ್ರೂ ರನ್, ಬಸ್ ಹೊಂಟ್ರೂ ರನ್, ಅಂಗಡಿ ನಡಸಿದ್ರೂ ರನ್, ಮೂಗು ಸೋರಿದ್ರೂ ರನ್! ಅಪ್ಪನ ಹುದ್ದೆ ನೋಡು, ಸೂಪರಿಂಟೆಂಡೆಂಟ್. ಅಷ್ಟುದ್ದ ಐತಿ, ಅರ್ಥ ಮಾತ್ರ ಒಂದ."

ಕದರಮಂಡಲಗಿಯ ಆರು ಸೊಸೆಯರ ಮನೆಯಲ್ಲಿ ಕೊನೆಯವಳಾಗಿ ಬಾಳಿದ ಅವ್ವ ಕೈ ನಿಲ್ಲಿಸದೆ ಹೇಳಿದಳು: "ಹಂಗಾರ ಅದು ಮನಿ ಸಣ್ಣ ಸೊಸಿ ಇದ್ದಂಗ ಬಿಡವಾ. ನೀರಿಗೂ ಆಕೀನ ಕರೀತಾರ, ರೊಟ್ಟಿಗೂ ಆಕೀನ, ಕೂಸು ಅತ್ರೂ ಆಕೀನ. ದಣಿವಾತೇನು ಅಂತ ಯಾರೂ ಕೇಳೂದಿಲ್ಲ."

ಕುರ್ಚಿಯಲ್ಲಿ ಕೂತಿದ್ದ ನಾನು ಅದೇ ಹೊತ್ತಿಗೆ, "ಏ, ಇನ್ನೊಂದ ಕಪ್ ಚಾ ಕೊಡ" ಎಂದುಬಿಟ್ಟೆ. ಹೆಂಡತಿ ಖಾರದ ಕೈಯಲ್ಲೇ ಎದ್ದಳು. ಬೆಳಗಿನಿಂದ ಅದು ನಾಲ್ಕನೆಯ ಸಲ.

ಅವ್ವ ತಲೆ ಎತ್ತಲಿಲ್ಲ. "ಉದ್ದನ ಶಬ್ದ ಕುಂತಲ್ಲಿಂದನ ಕೂಗತೈತಿ ನೋಡು" ಎಂದಳು.

ಹೆಂಡತಿಯನ್ನು ಕೂರಿಸಿ, ನಾಲ್ವರಿಗೂ ನಾನೇ ಚಹಾ ಮಾಡಿದೆ. ಒಂದು ಗುಟುಕು ಕುಡಿದು ಅವ್ವ ಸಕ್ಕರೆ ಡಬ್ಬಿ ಕೇಳಿದಳು. ಮಗಳು ನಿಘಂಟು ತೆರೆದು, ನನ್ನ ಹುದ್ದೆಯ ಪಕ್ಕ ಪೆನ್ಸಿಲ್‌ನಿಂದ ಸಣ್ಣದಾಗಿ ಬರೆದಳು: "ಎರಡನೇ ಅರ್ಥ: ಚಹಾ ಮಾಡುವವನು."