ಅಣ್ಣ ಕೇಳಿದ ಪ್ರಶ್ನೆ

ಚಳವಳಿಗೆ ಸೇರಿದನೆಂದು ಅಣ್ಣನ ಹೆಸರನ್ನು ಕಾಲೇಜಿನಿಂದ ಹೊಡೆದುಹಾಕಿದ್ದರು. ಜೈಲಿನಿಂದ ಅವನು ಮಳವಳ್ಳಿಗೆ ತಂದದ್ದು ಕೆಮ್ಮೊಂದೇ. ಪ್ರಜಾಪ್ರತಿನಿಧಿ ಸಭೆಯ ಚುನಾವಣೆಗೆ ನಿಂತಿದ್ದ ವಕೀಲರು ಅಪ್ಪನ ಓಟು ಕೇಳಲು ಬಂದಾಗ, ಜಗಲಿಯಲ್ಲಿ ಮಲಗಿದ್ದ ಅಣ್ಣ ಎದ್ದು ಕೂತ. “ನೀವು ಗೆದ್ರೆ ನಮ್ಮನ್ನ ಮತ್ತೆ ಕಾಲೇಜಿಗೆ ಸೇರಿಸ್ತೀರಾ, ಇಲ್ಲಾ...” ಎಂದವನು ಕೆಮ್ಮಿ, ಸುಧಾರಿಸಿಕೊಂಡು, “ಜಗಲೀಲೇ ಮುದುಕರಾಗಬೇಕಾ ಸ್ವಾಮಿ?” ಎಂದ. ನೋಡೋಣ ಎಂದು ವಕೀಲರು ಮಜ್ಜಿಗೆ ಕುಡಿದು ಹೋದರು. ಆ ತಿಂಗಳೇ ಅಣ್ಣ ತೀರಿಕೊಂಡ.

ನೆಂಟರ ಮನೆಗೆಂದು ಮದ್ದೂರಿಗೆ ಹೋಗಿದ್ದ ನಾನೂ ಅವ್ವನೂ ಅಲ್ಲಿ ವಕೀಲರ ಭಾಷಣ ಕೇಳಿದೆವು. ಅಣ್ಣನ ಪ್ರಶ್ನೆಯನ್ನೇ ಅವರು ತಮ್ಮದೆಂಬಂತೆ ಕೇಳಿದರು. ಅವನು ಕೆಮ್ಮಿದ್ದ ಜಾಗದಲ್ಲಿ ತಾವೂ ತಡೆದು ನಿಂತರು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು.

ಆಮೇಲೆ ಮಂಡ್ಯ, ಬಸರಾಳು, ಅವರ ಭಾಷಣ ಎಲ್ಲಿದ್ದರೂ ಓಟಿಲ್ಲದ ಅವ್ವ ಹೊರಟುಬಿಡುತ್ತಿದ್ದಳು. “ಆ ಕಳ್ಳನ ಮಾತು ಏನು ಕೇಳ್ತೀಯವ್ವ?” ಎಂದೆ.

“ಅವನ ಮಾತು ಯಾರಿಗ್ ಬೇಕ್ಲಾ,” ಎಂದಳು.

ವಕೀಲರು ಗೆದ್ದರು. ಆ ಪ್ರಶ್ನೆಯನ್ನು ಮತ್ತೆಲ್ಲೂ ಎತ್ತಲಿಲ್ಲ. ಅವ್ವ ಮಾತ್ರ ಅಣ್ಣ ಮಲಗುತ್ತಿದ್ದ ಜಗಲಿಯಲ್ಲಿ ಕೂತು ಆಗಾಗ ನನ್ನನ್ನು ಕೇಳುತ್ತಿದ್ದಳು:

“ಇನ್ನೊಂದ್ ಎಲೆಕ್ಸನ್ನು ಯಾವಾಗ್ ಬತ್ತದ್ಲಾ?”