ಬಂದ್ ಹನಮವ್ವ ತೆರೆದ ಅಂಗನವಾಡಿ

ಕರಿಮಡ್ಡಿಯಲ್ಲಿ ಹನಮಂತವ್ವ ಯಾರು ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ಬಂದ್ ಹನಮವ್ವ ಎಂದರೆ ಡಂಬಳದವರೆಗೂ ಗೊತ್ತು. ಬೀದಿ ನಳದಲ್ಲಿ ನೀರು ಸುಮ್ಮನೆ ಹರಿಯುತ್ತಿದ್ದರೆ ಕೈಯಲ್ಲಿನ ಕೆಲಸ ಬಿಟ್ಟು ಓಡಿಹೋಗಿ ಬಂದ್ ಮಾಡುವವಳು. ಹಾಡಹಗಲು ಉರಿಯುವ ಬೀದಿದೀಪ ಕಂಡರೆ, "ಕಂಬಕ್ಕ ಕೈ ಹಚ್ಚಬ್ಯಾಡ, ಸತ್ತಗಿತ್ತಿ" ಎಂದು ಗಂಡ ಅಂದಾನಪ್ಪ ಬಡಕೊಂಡರೂ ಕೇಳದೆ ಒಣಗಿದ ಕಟ್ಟಿಗೆಯಿಂದ ಸ್ವಿಚ್ ಕೆಳಗೆ ತಳ್ಳುವವಳು. ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯ ಮೇಲೂ ಅವಳದೇ ಕಣ್ಣು. "ಬಿಡಾಕಿ ಇದ್ದಿ ಅಂದ್ರ ಹಾಕಿಸ್ಕೊಂಡಿ ಯಾಕವಾ?" ಎಂದು ಗುರುತಿಲ್ಲದ ಬೀಗತಿಯನ್ನು ಕೇಳಿ ಬೈಸಿಕೊಂಡು ಬಂದದ್ದೂ ಉಂಟು. ಕೂತಲ್ಲಿ ಕೂರುವ ಹೆಂಗಸಲ್ಲ ಅದು.

ಶಿರಹಟ್ಟಿ ಕಡೆಯಿಂದ ಸೊಸೆಯಾಗಿ ಬಂದು, ಅವರಿವರ ಹೊಲದಲ್ಲಿ ಕಳೆ ತೆಗೆದು, ಮೆಣಸಿನಕಾಯಿ ಬಿಡಿಸಿ, ಹೆಣ್ಣುಮಕ್ಕಳ ಮದುವೆ ಮುಗಿಸಿ ಉಸ್ಸೆನ್ನುವ ಹೊತ್ತಿಗೆ ಪಂಚಾಯಿತಿ ಚುನಾವಣೆ ಬಂತು. ಅವಳ ಓಣಿಯಿಂದ ಮೀಸಲು ಜಾಗಕ್ಕೆ ನಿಲ್ಲಲು ಬೇರೆ ಯಾರೂ ಒಪ್ಪಲಿಲ್ಲ. ಮುಂದೆ ಅಧ್ಯಕ್ಷ ಸ್ಥಾನವೂ ಮೀಸಲಾತಿಯಲ್ಲಿ ಅವಳ ಪಾಲಿಗೇ ಬಂತು. ಊರಿನ ಹಿರಿಯರು, ಸಹಿ ಮಾಡಲು ಒಬ್ಬ ಬಡಪಾಯಿ ಸಿಕ್ಕಳು ಎಂದು ಮೀಸೆಯಲ್ಲೇ ನಕ್ಕರು. ಪಾಪ, ಅವರ ನಗು ಮೊದಲ ಸಭೆಯವರೆಗೆ ಮಾತ್ರ ಬಾಳಿತು.

ಆ ಸಭೆಯಲ್ಲಿ ಮೇಜಿನ ಮೇಲೆ ಸಾಲಾಗಿ ನಿಂತಿದ್ದ ನೀರಿನ ಬಾಟಲಿಗಳನ್ನು ನೋಡಿ ಅವಳು, "ಇವನ್ನ ಎಲ್ಲಿಂದ ತಂದ್ರಿ?" ಎಂದಳು. ಮುಂಡರಗಿಯಿಂದ ಎಂದರು.

"ನಮ್ಮೂರಾಗ ಶುದ್ಧ ನೀರಿನ ಘಟಕ ಐತಿ. ನಾವಽ ಕಟ್ಸಿದ್ದು. ಊರ ಮಂದಿ ಆ ನೀರು ಕುಡದ್ರ ನಡೀತೈತಿ, ನಾವು ಕುಡದ್ರ ಸಾಯ್ತೀವೇನು?"

ಮುಂದಿನ ಸಭೆಗೆ ಒಂದು ಸ್ಟೀಲಿನ ಕೊಡ, ನಾಲ್ಕು ಲೋಟ ಬಂದವು. ಸದಸ್ಯರು ಕಷಾಯ ಕುಡಿದವರಂತೆ ಮುಖ ಮಾಡಿ ಕುಡಿದರು. ಪಿಡಿಒ ಅಂಬರೀಶ ಮಾತ್ರ ತಲೆ ತಗ್ಗಿಸಿ ನಕ್ಕ. ಗದಗ-ಬೆಟಗೇರಿಯಿಂದ ದಿನವೂ ಬೈಕಿನಲ್ಲಿ ಬಂದುಹೋಗುವ ಅಧಿಕಾರಿ ಆತ. ಕೆಟ್ಟವನೇನಲ್ಲ, ಆದರೆ ಮೇಲಿನವರ ಫೋನು ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುವಷ್ಟು ಅಂಜುಬುರುಕ.

ಅಧ್ಯಕ್ಷೆಯಾದ ಮೇಲೆ ಹೆಬ್ಬೆಟ್ಟು ಒತ್ತಲು ಹನಮಂತವ್ವನಿಗೆ ನಾಚಿಕೆಯಾಯಿತು. ತನ್ನನ್ನು ಚಿಕ್ಕಮ್ಮನಂತೆ ಚಿಗವ್ವ ಎಂದು ಕರೆಯುತ್ತಿದ್ದ ಅಂಗನವಾಡಿ ಟೀಚರ್ ದುರ್ಗಾಳ ಬಳಿ ಹೋಗಿ, ಮಕ್ಕಳು ಮನೆಗೆ ಹೋದ ಮೇಲೆ ಸ್ಲೇಟು ಹಿಡಿದು ಕೂತಳು. ಸಹಿ ಬಂತು. ಸಹಿ ಬಂದ ಮೇಲೆ ಉಳಿದ ಅಕ್ಷರಗಳೂ ಬೇಕೆನಿಸಿತು. ಬಸ್ಸಿನ ಬೋರ್ಡು, ಬಿಸ್ಕಿಟ್ ಪೊಟ್ಟಣ, ಗೋಡೆಯ ಜಾಹೀರಾತು, ಎಲ್ಲವನ್ನೂ ಕೂಡಿಸಿ ಕೂಡಿಸಿ ಓದತೊಡಗಿದಳು. ಅಂದಾನಪ್ಪನಿಗೆ ಓದು ಬರುತ್ತಿರಲಿಲ್ಲ. "ನಮ್ಮನಿಯಾಕಿ ಇನ್ನ ತಹಶೀಲ್ದಾರ ಆಗತಾಳ" ಎಂದು ಹೋಟೆಲಿನಲ್ಲಿ ಕೂತು ಹೇಳುತ್ತಿದ್ದ. ತಮಾಷೆಯ ಮಾತೇ ಆದರೂ ದನಿಯಲ್ಲಿ ಹೆಮ್ಮೆ ಇರುತ್ತಿತ್ತು.

ದುರ್ಗಾಳ ಅಂಗನವಾಡಿ ನಡೆಯುತ್ತಿದ್ದದ್ದು ಒಂದು ಬಾಡಿಗೆ ಕೋಣೆಯಲ್ಲಿ. ಹಿಂದೆ ಹತ್ತಿಯ ಅಂಡಿಗೆ-ಮೂಟೆ ಇಡುತ್ತಿದ್ದ ಜಾಗ. ಮಳೆ ಬಂದರೆ ಮಾಳಿಗೆ ಸೋರಿ, ಮಕ್ಕಳು ತಟ್ಟೆ ಎತ್ತಿಕೊಂಡು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಬೇಕು. ಹನಮಂತವ್ವ ಮುಂಡರಗಿಗೂ ಗದಗಿಗೂ ಅಲೆದಾಡಿ, ಆ ಸಾಹೇಬರ ಬಾಗಿಲು ಈ ಸಾಹೇಬರ ಬಾಗಿಲು ಕಾದು, ಕೊನೆಗೂ ಹೊಸ ಕಟ್ಟಡ ತಂದಳು. ಗುತ್ತಿಗೆದಾರ ಖಲೀಲ ಚೊಕ್ಕ ಮನುಷ್ಯ. ಹೇಳಿದ ತಿಂಗಳಿಗೆ ಮುಗಿಸಿ, ಗೋಡೆಗೆ ಆನೆ-ಒಂಟೆ ಬರೆಸಿ, ಕೀಲಿಯನ್ನು ಅಂಬರೀಶನ ಕೈಗಿಟ್ಟು ಹೋದ. ಕಟ್ಟಡ ಮುಗಿಯಿತು, ಕೆಲಸ ಮುಗಿಯಲಿಲ್ಲ. ಉದ್ಘಾಟನೆ ಆಗಬೇಕಲ್ಲ.

ಉದ್ಘಾಟನೆಗೆ ಮೊದಲ ತಾರೀಖು ಗೊತ್ತುಮಾಡಿದರು. ಮಹಬೂಬಸಾಬನ ಪೆಂಡಾಲು ಬಂತು, ಮೈಕು ಬಂತು, ಶಾಲು, ಹಾರ, ಹಣ್ಣಿನ ಬುಟ್ಟಿ, ಇಡೀ ಊರಿಗೆ ಉಪ್ಪಿಟ್ಟು-ಶಿರಾ. ಗದಗಿನಲ್ಲಿ ಕೊರೆಸಿದ ಕರಿಕಲ್ಲಿನ ಫಲಕವೂ ಬಂತು. ಬಾರದೇ ಉಳಿದವರು ಉದ್ಘಾಟಿಸಬೇಕಾದ ದೊಡ್ಡ ಸಾಹೇಬರೊಬ್ಬರೇ. ಎರಡನೆಯ ತಾರೀಖಿಗೂ ಇದೇ ಕಥೆ. ಪೆಂಡಾಲು ಬಿಚ್ಚುತ್ತಿದ್ದ ಮಹಬೂಬಸಾಬನೇ, "ಅವ್ವಾರ, ನನಗೇನು, ಬಾಡಿಗಿ ಬರತೈತಿ. ಆದ್ರ ಖರೆ ಹೇಳ್ತೀನಿ, ಗಳ ಹುಗ್ಯಾಕ ನಾಚಿಕಿ ಬರಾಕತ್ತೈತಿ" ಎಂದ. ತಾರೀಖು ಬದಲಾದದ್ದಕ್ಕೆ ಕಲ್ಲೂ ಬದಲಾಗಿತ್ತು. ತಾರೀಖಿನ ಜಾಗ ಖಾಲಿ ಬಿಟ್ಟು ಒಂದೇ ಕಲ್ಲು ಕೊರೆಸಬಾರದೇ ಎಂದು ಹನಮಂತವ್ವ ಕೇಳಿದ್ದಳು. ತಾರೀಖಿಲ್ಲದ ಕಲ್ಲಿಗೆ ಬಿಲ್ಲು ಪಾಸಾಗುವುದಿಲ್ಲ ಎಂದು ಅಂಬರೀಶ ಹೇಳಿದ. ಒಂದು ಕಡೆ ಬೀಗ ಹಾಕಿದ ಹೊಸ ಕಟ್ಟಡ, ಇನ್ನೊಂದು ಕಡೆ ಸೋರುವ ಕೋಣೆಗೆ ತಿಂಗಳು ತಿಂಗಳು ಬಾಡಿಗೆ, ನಡುವೆ ಬರದ ಸಾಹೇಬರಿಗಾಗಿ ಉಪ್ಪಿಟ್ಟು.

ಹಾಗಾದರೆ ಬಂದ್ ಹನಮವ್ವ ಇದನ್ನು ಅಷ್ಟು ದಿನ ಹೇಗೆ ಸಹಿಸಿದಳು? ಇಲ್ಲೇ ಇದೆ ಗುಟ್ಟು. ಪಂಚಾಯಿತಿಯ ಹಿತ್ತಲಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಆ ಬೇಡವಾದ ಕಲ್ಲುಗಳ ಮೇಲೆ, ದೊಡ್ಡ ದೊಡ್ಡ ಹೆಸರುಗಳ ಕೆಳಗೆ, ಅವಳ ಹೆಸರೂ ಇತ್ತು. ಯಾರೂ ಇಲ್ಲದಾಗ ಹೋಗಿ ಬೆರಳಿನಿಂದ ತಿದ್ದಿ ಓದಿದ್ದಳು. ಅವಳ ಅವ್ವ, ಅಪ್ಪ, ಅತ್ತೆ, ಮಾವ ಯಾರ ಹೆಸರನ್ನೂ ಯಾರೂ ಎಲ್ಲಿಯೂ ಕೊರೆದಿರಲಿಲ್ಲ. ಮಣ್ಣಲ್ಲಿ ದುಡಿದು ಮಣ್ಣಿಗೆ ಹೋದವರು. ಮನೆಗೆ ಬಂದು ಗಂಡನಿಗೆ ಹೇಳಿದಾಗ ಅಂದಾನಪ್ಪ ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಕಲ್ಲಿನ್ಯಾಗ? ನಿನ್ನ ಹೆಸರಿನ ಜೋಡಿ ನನ್ನ ಹೆಸರೂ ಐತೇನು?" ಎಂದ. ಐತಿ ಎಂದಳು. ಮಾರನೆಯ ದಿನದಿಂದ ಬೀಗರು ನೆಂಟರಿಗೆಲ್ಲ, ಕಲ್ಲು ಕೂರಿಸಿದ ಮೇಲೆ ನೋಡಲು ಬರ್ರಿ ಎಂದು ಹೇಳುತ್ತ ತಿರುಗಿದ. ಅವನ ಆಸೆಗಿಂತ ತನ್ನ ಆಸೆಯೇನೂ ಚಿಕ್ಕದಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡು ಕಾದಳು.

ಮಳೆಗಾಲ ಶುರುವಾದ ವಾರದಲ್ಲಿ ಬಾಡಿಗೆ ಕೋಣೆಯ ಒಂದು ಗೋಡೆ ಕುಸಿಯಿತು. ದೇವರ ದಯೆ, ಅಂದು ಭಾನುವಾರ. ದುರ್ಗಾ ಮಕ್ಕಳನ್ನು ಹನಮಪ್ಪನ ಗುಡಿಯ ಪಡಸಾಲೆಗೆ ಕರೆತಂದಳು. ಹನಮಂತವ್ವ ನೇರ ಅಂಬರೀಶನ ಮುಂದೆ ನಿಂತು ಕೀಲಿ ಕೇಳಿದಳು.

"ಅಧ್ಯಕ್ಷರ, ಒಂದೀಟು ತಡೀರಿ" ಎಂದ ಅಂಬರೀಶ. "ಮುಂದಿನ ತಿಂಗಳ ಸಾಹೇಬ್ರು ಖಾತ್ರಿ ಬರ್ತಾರ. ನಿಮ್ಮ ಅವಧಿ ಮುಗಿಯೂದ್ರೊಳಗ ಕಲ್ಲು ಕುಂಡ್ರತೈತಿ. ಈಗ ತೆರದ್ರ ಅವ್ರು ಸಿಟ್ಟಾಗಿ ತಾರೀಖ ಮುಂದ ಹಾಕ್ತಾರ. ಆಮ್ಯಾಲೆ ಹೊಸಾ ಅಧ್ಯಕ್ಷರ ಹೆಸರು ಬರತೈತಿ, ನಿಮ್ದಲ್ಲ. ವಿಚಾರ ಮಾಡ್ರಿ."

ಅವಳು ಕೀಲಿ ಇಲ್ಲದೆ ಮನೆಗೆ ಬಂದಳು. ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ರೊಟ್ಟಿ ಬಡಿಯಲು ಕೂತರೆ ಎದ್ದು ಬಾಗಿಲಿಗೆ ಬರುವಳು, ಬಾಗಿಲಿಗೆ ಬಂದರೆ ಮೋಡ ನೋಡುವಳು, ಮೋಡ ಕಂಡರೆ ಗುಡಿಯ ಕಡೆ ನಡೆಯುವಳು. ಅರ್ಧ ದಾರಿಯಿಂದ ತಿರುಗಿ ಬಂದು ಹೊಸ ಕಟ್ಟಡದ ಬೀಗ ಜಗ್ಗಿ ನೋಡುವಳು. ಒಂದೇ ತಿಂಗಳು, ಮಕ್ಕಳಿಗೇನು, ಗುಡಿಯಲ್ಲಿ ಹನಮಪ್ಪನೇ ಇದ್ದಾನೆ ಎಂದು ತನಗೆ ತಾನೇ ಹೇಳಿಕೊಳ್ಳುವಳು. ಹೇಳಿಕೊಂಡಷ್ಟೂ ಮೈ ಉರಿಯುವುದು. ಬೇರೆಯವರ ಎಲೆಯಲ್ಲಿ ಬಿಟ್ಟ ಅನ್ನ ಕಾಣುವ ಕಣ್ಣಿಗೆ ತನ್ನ ಎಲೆ ಕಾಣುವುದಿಲ್ಲವೇ?

ಕೊನೆಗೆ ಅವಳನ್ನು ಎಬ್ಬಿಸಿದ್ದು ಒಂದು ಬೋಗುಣಿ ಅನ್ನ. ಮಧ್ಯಾಹ್ನ ಗಾಳಿಯೊಂದಿಗೆ ಮಳೆ ಇರಚಲು ಹೊಡೆಯಿತು. ಅವಳು ಸೆರಗು ತಲೆಗೆ ಹಾಕಿಕೊಂಡು ಗುಡಿಗೆ ಓಡಿಬಂದಾಗ ದುರ್ಗಾ ಮಕ್ಕಳನ್ನು ಗರ್ಭಗುಡಿಯ ಬಾಗಿಲಿಗೆ ಒತ್ತಿ ನಿಲ್ಲಿಸಿದ್ದಳು. ಆಗಷ್ಟೇ ಇಳಿಸಿದ ಅನ್ನ-ಸಾರಿಗೆ ಹಂಚಿನ ಮೇಲಿನ ಮಣ್ಣುನೀರು ಸುರಿದು ಕೆಂಪಗಾಗಿತ್ತು. ಮಕ್ಕಳು ಖಾಲಿ ತಟ್ಟೆ ಹಿಡಿದು ಬೋಗುಣಿಯನ್ನೇ ನೋಡುತ್ತಿದ್ದವು.

"ಚಿಗವ್ವ, ಇದನ್ನ ನಾಯಿಗೆ ಹಾಕಬೇಕಷ್ಟ" ಎಂದು ದುರ್ಗಾ ಅಳುವ ದನಿಯಲ್ಲಿ ಹೇಳಿದಳು.

ಹನಮಂತವ್ವ ತೊಯ್ದ ಸೀರೆಯಲ್ಲೇ ಪಂಚಾಯಿತಿಗೆ ನಡೆದಳು.

"ಸಾಹೇಬ್ರ, ಕೀಲಿ ಕೊಡ್ರಿ."

"ಅಧ್ಯಕ್ಷರ, ಉದ್ಘಾಟನಾ ಆಗದ..."

"ಉದ್ಘಾಟನಾ ಯಾರು ಮಾಡ್ತಾರ? ನಾವು ಬರೇ ಹಾಲು ಉಕ್ಕಿಸ್ತೀವಿ. ನಿಮ್ಮ ಮನ್ಯಾಗ ಏನ್ ಮಾಡಿದ್ರಿ? ಚಲೋ ದಿನ ನೋಡಿ ಹಾಲು ಉಕ್ಕಿಸಿ ಒಳಗ ಹೋಗಿ, ಮಂದಿಗೆ ಊಟ ಹಾಕೂದು ಮುಂದ ನೋಡ್ಕೊಂಡ್ರೋ ಇಲ್ಲೋ?"

ಅಂಬರೀಶ ಮೇಜಿನ ಖಾನೆ ಎಳೆದು ಕೀಲಿ ಕೈಗೆತ್ತಿಕೊಂಡ. ಬೆಟಗೇರಿಯಲ್ಲಿ ಅವನು ಹಾಗೆಯೇ ಮಾಡಿದ್ದ. ಈ ಸೀಮೆಯಲ್ಲಿ ಎಲ್ಲರೂ ಮಾಡುವುದೇ ಅದು. ಹಾಲು ಉಕ್ಕಿದರೆ ಮನೆ ತುಂಬಿದಂತೆ, ಪೆಂಡಾಲು ಯಾವಾಗಲಾದರೂ ಬರಲಿ.

"ಕಲ್ಲು?" ಎಂದ ಮೆಲ್ಲಗೆ.

ಅವಳು ಕೈ ಚಾಚಿದಳು. "ಕೀಲಿ ಕೊಡ್ರಿ" ಎಂದಷ್ಟೇ ಅಂದಳು.

ಮಾರನೆಯ ಬೆಳಿಗ್ಗೆ ಮಕ್ಕಳು ಹೊಸ ಕಟ್ಟಡಕ್ಕೆ ಬಂದವು. ಹಾಲನ್ನು ಹನಮಂತವ್ವ ತನ್ನ ಮನೆಯ ಎಮ್ಮೆಯಿಂದಲೇ ತಂದಿದ್ದಳು. ಸರಕಾರದ ಹಾಲಿನಪುಡಿ ಕುಡಿಯಲು ಇರುವುದು, ಚೆಲ್ಲಲು ಅಲ್ಲ ಎಂದಳು. ಒಲೆಯ ಮೇಲೆ ಹಾಲು ಏರುತ್ತಿದ್ದಂತೆ ಹೆಂಗಸರೆಲ್ಲ ಕಣ್ಣರಳಿಸಿ ಕಾದರು. ಅಂಚಿಗೆ ಬಂದು ಒಂದು ಎಳೆ ಕೆಳಗಿಳಿಯಿತೋ ಇಲ್ಲವೋ, ಅವಳು ಟಕ್ಕನೆ ಗ್ಯಾಸ್ ಬಂದ್ ಮಾಡಿದಳು. "ಅಯ್ಯ, ಇನ್ನಷ್ಟು ಉಕ್ಕಲಿ ಬಿಡಬೇ!" ಎಂದು ಎಲ್ಲರೂ ನಕ್ಕರು. ಉಳಿದದ್ದಕ್ಕೆ ಬೆಲ್ಲ ಹಾಕಿ ಮಕ್ಕಳಿಗೆ ಹಂಚಿದಳು. ಮಕ್ಕಳು ಗೋಡೆಯ ಆನೆಯನ್ನು ಮುಟ್ಟಿ ನೋಡುತ್ತ ಕುಡಿದವು.

ಅಂಬರೀಶ ಹೇಳಿದ್ದು ಅಕ್ಷರಶಃ ಆಯಿತು. ಸಾಹೇಬರ ತಾರೀಖು ಬರಲಿಲ್ಲ. ಅವಳ ಅವಧಿ ಮುಗಿಯಿತು. ಊರೆಲ್ಲ ಮಲ್ಲು ಎಂದು ಕರೆಯುವ ಮಲ್ಲಪ್ಪ ಅಧ್ಯಕ್ಷನಾದ. ದಸರೆ ಕಳೆದ ಮೇಲೆ ದೊಡ್ಡ ಸಾಹೇಬರಿಗೆ ಪುರಸೊತ್ತಾಯಿತು. ತಿಂಗಳುಗಟ್ಟಲೆ ಚೆನ್ನಾಗಿ ನಡೆಯುತ್ತಿದ್ದ ಅಂಗನವಾಡಿಯನ್ನು ಒಂದು ದಿನ ಮುಚ್ಚಿ, ಮಕ್ಕಳನ್ನು ಮನೆಗೆ ಕಳಿಸಿ, ಬಾಗಿಲಿಗೆ ರಿಬ್ಬನ್ ಕಟ್ಟಿ ಉದ್ಘಾಟಿಸಿದರು. ಹನಮಂತವ್ವನನ್ನು ಯಾರೂ ಕರೆಯಲಿಲ್ಲ. ಅಂದು ಅವಳು ಅಡರಕಟ್ಟಿಯ ಮಗಳ ಮನೆಗೆ ಹೋಗಿ, ಅಲ್ಲಿಯೂ ಕೂರಲಾಗದೆ, ಸಂಜೆಯ ಬಸ್ಸಿಗೇ ತಿರುಗಿ ಬಂದಳು.

ಹೊಸ ಕಲ್ಲಿನ ಮಾತೊಂದನ್ನು ಮಾತ್ರ ಅವಳು ಗಂಡನಿಗೆ ಹೇಳಿರಲಿಲ್ಲ. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದು ದೂಡುತ್ತಲೇ ಬಂದಿದ್ದಳು. ಊರಿಗೆಲ್ಲ ಎದುರು ಮಾತಾಡಿದ ಹೆಂಗಸು ಆ ಮುದುಕನ ಮುಂದೆ ಸೋತಿದ್ದಳು.

ಮರುದಿನ ಅಂದಾನಪ್ಪ ಒಗೆದ ಧೋತರ ಉಟ್ಟು, ಹೆಗಲಿಗೆ ಟಾವೆಲ್ಲು ಹಾಕಿಕೊಂಡು, "ನಡಿ, ಕಲ್ಲು ನೋಡ್ಕೊಂಡು ಬರೂಣು" ಎಂದ. ಬೇಡವೆನ್ನಲು ಅವಳಿಗೆ ಕಾರಣ ಸಿಗಲಿಲ್ಲ. ಫಲಕದ ಮೇಲೆ ನಿನ್ನೆಯ ಚೆಂಡುಹೂವಿನ ಮಾಲೆ ಇನ್ನೂ ಇತ್ತು. ಒಳಗೆ ಮಕ್ಕಳು ಹಾಡು ಹೇಳುತ್ತಿದ್ದವು. ದನಿ ಕೇಳಿ ದುರ್ಗಾ ಹೊರಗೆ ಬಂದಳು.

"ದುರ್ಗಾ, ನಮ್ಮ ಹೆಸರು ಎಲ್ಲೈತಿ ಓದವಾ."

ದುರ್ಗಾ ಹನಮಂತವ್ವನ ಮುಖ ನೋಡಿದಳು. ಹನಮಂತವ್ವ ನೆಲ ನೋಡಿದಳು. ದುರ್ಗಾ ಮೇಲಿನಿಂದ ಓದುತ್ತ ಬಂದಳು. ದೊಡ್ಡ ಸಾಹೇಬರು, ಸಣ್ಣ ಸಾಹೇಬರು, ಮಲ್ಲಪ್ಪ, ಸದಸ್ಯರು. ಕೊನೆಯ ಸಾಲಿಗೆ ಬಂದಾಗ ಒಂದು ಕ್ಷಣ ತಡೆದು, "ಶ್ರೀಮತಿ ಹನಮಂತವ್ವ ಅಂದಾನಪ್ಪ, ಇಲ್ಲೈತಿ ನೋಡ್ರಿ ಕಾಕಾ" ಎಂದು ಬೆರಳಿಟ್ಟು ತೋರಿಸಿದಳು.

ಅಂದಾನಪ್ಪ ಮಾಲೆಯನ್ನು ಪಕ್ಕಕ್ಕೆ ಸರಿಸಿ, ಟಾವೆಲ್ಲಿನಿಂದ ಆ ಸಾಲನ್ನು ಒರೆಸಿದ. ಅಂಗೈ ಇಟ್ಟು ಸವರಿದ. "ಎಲ್ಲಾರಿಗಿಂತ ಕೆಳಗ ಹಾಕ್ಯಾರ. ಇರಲಿ ಬಿಡು, ಹಾಕ್ಯಾರಲ್ಲ" ಎಂದ. ಅವನ ಕಣ್ಣು ತುಂಬಿತ್ತು. ಹೆಂಡತಿಯ ಕಡೆ ತಿರುಗಿ, "ನಿನಗೂ ಓದಾಕ ಬರತೈತೆಲ್ಲ, ನೀ ಓದು. ನಿನ್ನ ಬಾಯಿಂದ ಕೇಳತೀನಿ" ಎಂದ.

ಹನಮಂತವ್ವ ಕಲ್ಲಿನ ಹತ್ತಿರ ಬಂದಳು. ದುರ್ಗಾ ತೋರಿಸಿದ ಸಾಲಿನಲ್ಲಿ ‘ಗುತ್ತಿಗೆದಾರರು, ಖಲೀಲ’ ಎಂದಿತ್ತು. ಅವಳು ಆ ಅಕ್ಷರಗಳ ಮೇಲೆ ಬೆರಳಿಟ್ಟು, ಒಂದೊಂದನ್ನೇ ಕೂಡಿಸಿ ಓದುವವಳಂತೆ, "ಹ... ನ... ಮಂ... ತವ್ವ" ಎಂದು ಓದಿದಳು.